ಮೋಟರ್ ಓಡುವಾಗ ಮುಳ್ಳು ನೋಡು

ಆಷಾಢದಲ್ಲಿ ಮದುವೆಗಳಿಲ್ಲ. ಮದುವೆ ಇಲ್ಲದಿದ್ದರೆ ಮಂಡ್ಯದಲ್ಲಿ ನನ್ನಂಥ ವಿಡಿಯೊ ಎಡಿಟರ್‌ಗೆ ಸಂಪಾದನೆಯೂ ಇಲ್ಲ. ವಿ.ವಿ. ರಸ್ತೆಗೆ ಅಂಟಿಕೊಂಡ ಗಲ್ಲಿಯೊಂದರ ಮಹಡಿಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೊ ಇದೆ. ವೈಶಾಖ, ಜ್ಯೇಷ್ಠದ ಮುಹೂರ್ತಗಳ ಬಾಕಿಯನ್ನೆಲ್ಲ ಕೊಟ್ಟು ಮುಗಿಸಿದ ಮೇಲೆ ಸಿಗುವ ಒಂದು ತಿಂಗಳ ಬಿಡುವಿನಲ್ಲಿ ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಹಿಂದಿನ ವರ್ಷ ಗೋಡೆಗೆ ಬಣ್ಣ ಹೊಡೆದಿದ್ದೆ. ಈ ಬಾರಿ ಕಂಪ್ಯೂಟರಿನ ಹೊಟ್ಟೆಗೆ ಕೈ ಹಾಕಿದೆ.

ಯಂತ್ರ ಹೊಸದೇನಲ್ಲ. ಪರಿಚಯದವರೊಬ್ಬರು ಬಳಸಿ ಬಿಟ್ಟದ್ದನ್ನು ಬೆಂಗಳೂರಿನಿಂದ ಹೊತ್ತು ತಂದಿದ್ದೆ. ಒಳಗೆ ಇಂಟೆಲ್‌ನ ಕೋರ್ ಐ5-8600ಕೆ ಪ್ರೊಸೆಸರ್. 2017ರ ಅಕ್ಟೋಬರ್‌ನಲ್ಲಿ ಮಾರುಕಟ್ಟೆಗೆ ಬಂದ ಆರು ಕೋರ್‌ಗಳ, ಅಂದರೆ ಒಟ್ಟಿಗೆ ಲೆಕ್ಕ ಮಾಡಬಲ್ಲ ಆರು ಘಟಕಗಳ, ಚಿಪ್ ಅದು. ಒಂದೇ ಕೋರ್ ದುಡಿಯುವಾಗ 4.3 ಗಿಗಾಹರ್ಟ್ಸ್, ಆರೂ ಒಟ್ಟಿಗೆ ದುಡಿಯುವಾಗ 4.1. ಹೆಸರಿನ ಕೊನೆಯಲ್ಲಿರುವ 'ಕೆ' ಅಕ್ಷರಕ್ಕೆ ಅರ್ಥ, ವೇಗದ ಬೀಗ ಹಾಕಿಲ್ಲ, ಇಷ್ಟವಿದ್ದರೆ ಏರಿಸಿಕೊಳ್ಳಬಹುದು ಎಂದು. ಅದನ್ನು ಕೂರಿಸಿದ ಮದರ್‌ಬೋರ್ಡು ಝಡ್370 ಚಿಪ್‌ಸೆಟ್‌ನದು, ಅದಕ್ಕೂ ಅಡ್ಡಿಯಿಲ್ಲ. ಬೀಗವೇ ಇಲ್ಲದ ಬಾಗಿಲನ್ನು ಇಷ್ಟು ದಿನ ತಳ್ಳಿ ನೋಡಿರಲಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು.

ವೇಗ ಏರಿಸುವುದು ಸುಲಭ. ಮೂಲ ಗಡಿಯಾರ 100 ಮೆಗಾಹರ್ಟ್ಸ್; ಅದನ್ನು ಎಷ್ಟರಿಂದ ಗುಣಿಸಬೇಕು ಎಂಬ ಅಂಕಿಯನ್ನು ಬಯೋಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮೊದಲು ತೆರೆಯುವ ಬೋರ್ಡಿನ ಸೆಟ್ಟಿಂಗ್ ಪುಟಗಳಲ್ಲಿ, ಬದಲಿಸಿದರೆ ಆಯಿತು. ನಾನು 47 ಎಂದು ತುಂಬಿದೆ, ಅಂದರೆ 4.7 ಗಿಗಾಹರ್ಟ್ಸ್. ವೋಲ್ಟೇಜಿನ ಸಾಲಿನಲ್ಲಿ 'ಆಟೊ' ಎಂದಿತ್ತು, ಅದನ್ನು ಮುಟ್ಟಲಿಲ್ಲ. ವಿಂಡೋಸ್ ಸಲೀಸಾಗಿ ತೆರೆದುಕೊಂಡಿತು. ಗೆದ್ದೆ ಎಂದುಕೊಂಡು ಸಿಪಿಯು-ಝಡ್ ತಂತ್ರಾಂಶವನ್ನು ತೆರೆದರೆ ವೋಲ್ಟೇಜ್ 1.376 ಎಂದು ತೋರಿಸುತ್ತಿತ್ತು. ಹಿಂದಿನ ದಿನ, ಏನನ್ನೂ ಬದಲಿಸದಿದ್ದಾಗ ಅದು 1.2ರ ಆಸುಪಾಸಿನಲ್ಲಿತ್ತು. ಬೋರ್ಡಿನ 'ಆಟೊ' ಎಂಬುದು ಮದುವೆ ಮನೆಯಲ್ಲಿ ಬಡಿಸುವವನ ಕೈ ಇದ್ದ ಹಾಗೆ. ಎಲೆಯಲ್ಲಿ ಕೊರತೆ ಬಿತ್ತು ಎಂಬ ಮಾತು ಬರಬಾರದೆಂದು ಬೇಕಾದದ್ದಕ್ಕಿಂತ ಹೆಚ್ಚೇ ಸುರಿಯುತ್ತದೆ.

ಆದ್ದರಿಂದ ನಾನೇ ಅಂಕಿ ಹಾಕಿದೆ: 1.300 ವೋಲ್ಟ್, ಸ್ಥಿರ. ಉಳಿಸಿ ಮತ್ತೆ ಬಯೋಸ್‌ನೊಳಗೆ ಹೋದರೆ ಅಲ್ಲಿನ ಮಾಪನ ಪುಟದಲ್ಲಿ 1.312. ವಿಂಡೋಸ್‌ಗೆ ಬಂದು, ಯಂತ್ರದೊಳಗಿನ ಮಾಪನಗಳನ್ನೆಲ್ಲ ಪಟ್ಟಿ ಮಾಡುವ ಎಚ್‌ಡಬ್ಲ್ಯುಇನ್ಫೋ ತಂತ್ರಾಂಶ ತೆರೆದರೆ 'ವಿಐಡಿ' ಎಂಬ ಆರು ಸಾಲುಗಳಲ್ಲಿ 1.362. ಕೆಳಗೆ ಇನ್ನೂ ಇಪ್ಪತ್ತು ಸಾಲು ಇಳಿದರೆ 'ವಿಕೋರ್', ಅಂದರೆ ಕೋರ್‌ಗಳ ವೋಲ್ಟೇಜ್, 1.296. ಎಲ್ಲ ಕೋರ್‌ಗಳಿಗೂ ಪೂರ್ತಿ ಕೆಲಸ ಕೊಡುವ ಸಿನಿಬೆಂಚ್ ಎಂಬ ಪರೀಕ್ಷಾ ತಂತ್ರಾಂಶ ಓಡಿಸಿದೊಡನೆ ಅದೇ ವಿಕೋರ್ 1.232ಕ್ಕೆ ಕುಸಿಯಿತು. ಒಂದು ಚಿಪ್‌ಗೆ ಒಂದು ವೋಲ್ಟೇಜ್ ಕೊಟ್ಟೆ, ಉತ್ತರ ನಾಲ್ಕು ಬಂದವು. ಹಾಳೆಯೊಂದರಲ್ಲಿ ನಾಲ್ಕನ್ನೂ ಬರೆದಿಟ್ಟು ಅವುಗಳನ್ನೇ ದಿಟ್ಟಿಸುತ್ತ ಕುಳಿತೆ. ಯಾವುದನ್ನು ನಂಬಬೇಕು? 1.362 ನಿಜವಾದರೆ ನಾನು ಹಾಕಿದ ಅಂಕಿಗೆ ಬೆಲೆಯೇ ಇಲ್ಲ. 1.232 ನಿಜವಾದರೆ ಇನ್ನೂ ಏರಿಸಬಹುದು. ಎರಡರ ನಡುವೆ ಇರುವುದು 0.13 ವೋಲ್ಟ್. ಟಾರ್ಚಿನ ಸೆಲ್ಲಿನ ಲೆಕ್ಕದಲ್ಲಿ ಅದು ಏನೂ ಅಲ್ಲ. ಪ್ರೊಸೆಸರಿನ ಲೆಕ್ಕದಲ್ಲಿ ತಂಪಾಗಿ ಓಡುವುದಕ್ಕೂ ಕುದಿಯುವುದಕ್ಕೂ ಇರುವ ಅಂತರವೇ ಅಷ್ಟು.

ಮೊದಲು ಬಿಡಿಸಿಕೊಂಡ ಗಂಟು ವಿಐಡಿ. ಎರಡು ದಿನ ನಾನು ಅದನ್ನು ಅಳೆದ ವೋಲ್ಟೇಜ್ ಎಂದೇ ನಂಬಿದ್ದೆ. ಅದು ಅಳತೆಯೇ ಅಲ್ಲ, ಪ್ರೊಸೆಸರ್ ಬರೆದುಕೊಟ್ಟ ಚೀಟಿ. ಇಷ್ಟು ವೇಗದಲ್ಲಿ ಓಡಲು ನನಗೆ ಇಷ್ಟು ವೋಲ್ಟೇಜ್ ಬೇಕು ಎಂದು ಚಿಪ್ ತನ್ನೊಳಗಿನ ಪಟ್ಟಿಯನ್ನು ನೋಡಿ ಕೇಳುತ್ತದೆ. ಪಕ್ಕದಲ್ಲಿ ಸಾಲಾಗಿ ನಿಂತಿರುವ ವಿಆರ್‌ಎಂ, ಅಂದರೆ 12 ವೋಲ್ಟ್ ಅನ್ನು ಒಂದು ಚಿಲ್ಲರೆ ವೋಲ್ಟ್‌ಗೆ ಇಳಿಸುವ ಮಂಡಲ, ಆ ಚೀಟಿಯಂತೆ ಕೊಡುತ್ತದೆ. ನಾನು ಬಯೋಸ್‌ನಲ್ಲಿ ಸ್ಥಿರ ಅಂಕಿ ಹಾಕಿದ ಕ್ಷಣವೇ ಚೀಟಿಗೆ ಬೆಲೆ ಹೋಯಿತು. ಚಿಪ್ ಕೇಳುವುದನ್ನು ಬಿಟ್ಟಿಲ್ಲ, ಬೋರ್ಡು ಓದುವುದನ್ನು ಬಿಟ್ಟಿದೆ. ಪಡಿತರ ಚೀಟಿಯಲ್ಲಿ ಬರೆದದ್ದೂ ಚೀಲಕ್ಕೆ ಬಿದ್ದದ್ದೂ ಒಂದೇ ಎಂದು ನಮ್ಮ ಮನೆಯಲ್ಲಿ ಯಾರೂ ಎಂದೂ ನಂಬಿದವರಲ್ಲ. ನಾನು ಮಾತ್ರ ಇಲ್ಲಿ ಎರಡು ದಿನ ನಂಬಿಕೊಂಡಿದ್ದೆ.

ಉಳಿದದ್ದು 1.296 ಮತ್ತು 1.232ರ ಜಗಳ. ಅದು ಬಗೆಹರಿದದ್ದು ಊರಿನಲ್ಲಿ.

ನಮ್ಮೂರು ಮದ್ದೂರಿನಿಂದ ಒಳಗೆ, ನಾಲೆಯ ಕೊನೆಭಾಗದಲ್ಲಿದೆ. ನಾಲೆಯನ್ನು ನಂಬಿ ಕಬ್ಬು ಬೆಳೆಯಲಾಗದೆಂದು ಅಪ್ಪ ಕೊಳವೆ ಬಾವಿ ತೆಗೆಸಿ ಹತ್ತು ಎಚ್‌ಪಿ ಮೋಟರ್ ಇಳಿಸಿದ್ದಾರೆ. ಪಂಪ್‌ಮನೆಯ ಗೋಡೆಯಲ್ಲಿ ಸ್ಟಾರ್ಟರ್ ಪೆಟ್ಟಿಗೆ, ಅದರ ಮುಖದಲ್ಲಿ ಎರಡು ಮುಳ್ಳುಗಳ ಮೀಟರ್. ಒಂದು ವೋಲ್ಟ್, ಒಂದು ಆಂಪಿಯರ್. ಗಾಜಿನ ಮೇಲೆ ಜೇಡರ ಬಲೆ. ಆ ಭಾನುವಾರ ನಾನು ಊರಿಗೆ ಹೋದಾಗ ತ್ರೀಫೇಸ್ ಬರುವ ಹೊತ್ತು. ಅಪ್ಪನ ಜತೆ ಪಂಪ್‌ಮನೆಗೆ ನಡೆದೆ. ಕರೆಂಟ್ ಬಂದೊಡನೆ ವೋಲ್ಟಿನ ಮುಳ್ಳು ಒಮ್ಮೆಗೇ 420ಕ್ಕೆ ಎದ್ದು ನಿಂತಿತು. "ಇವತ್ತು ಚೆನ್ನಾಗಿ ಕೊಟ್ಟಿದ್ದಾರೆ" ಎಂದೆ. ಅಪ್ಪ ನನ್ನತ್ತ ತಿರುಗಿಯೂ ನೋಡದೆ, "ಮೋಟರ್ ಹಾಕದೆ ಮುಳ್ಳು ನೋಡಿದರೆ ಏನು ಬಂತು? ಓಡುವಾಗ ನೋಡು" ಎಂದು ಹಸಿರು ಗುಂಡಿ ಒತ್ತಿದರು. ಮುಳ್ಳು ಧಡಕ್ಕನೆ ಬಿದ್ದು, ತಡವರಿಸಿ, 390ರಲ್ಲಿ ನಿಂತಿತು. ಅದೇ ಟ್ರಾನ್ಸ್‌ಫಾರ್ಮರ್‌ಗೆ ಕಟ್ಟಿದ ಅಕ್ಕಪಕ್ಕದ ಮೋಟರ್‌ಗಳು ಒಂದೊಂದಾಗಿ ಹತ್ತಿಕೊಂಡ ಹಾಗೆಲ್ಲ 380, 370, ಕೊನೆಗೆ 350.

ಈ ಮುಳ್ಳನ್ನು ನಾನು ಹೈಸ್ಕೂಲಿನ ಕಾಲದಿಂದ ನೋಡುತ್ತಿದ್ದೇನೆ. ಆದರೂ ಕಂಪ್ಯೂಟರಿನ ಮುಂದೆ ಕುಳಿತಾಗ ನೆನಪಾಗಿರಲಿಲ್ಲ. ಕರೆಂಟು ಎಳೆದಾಗ ದಾರಿಯಲ್ಲಿ ವೋಲ್ಟೇಜ್ ಸೋರುತ್ತದೆ. ಎಳೆತ ಹೆಚ್ಚಿದಷ್ಟೂ ಸೋರಿಕೆ ಹೆಚ್ಚು. ಅಷ್ಟೇ. ಅಪ್ಪನ ಮೋಟರ್ ಎಳೆಯುವುದು ಹದಿನಾಲ್ಕು, ಹದಿನೈದು ಆಂಪಿಯರ್. ನನ್ನ ಪ್ರೊಸೆಸರ್ ಪೂರ್ತಿ ದುಡಿಯುವಾಗ ಸುಮಾರು 130 ವ್ಯಾಟ್ ತಿನ್ನುತ್ತದೆ. ಅದನ್ನು 1.26 ವೋಲ್ಟ್‌ನಿಂದ ಭಾಗಿಸಿ ನೋಡಿದೆ: ನೂರು ಆಂಪಿಯರ್ ದಾಟುತ್ತದೆ. ಹೆಬ್ಬೆರಳಿನ ಉಗುರಿನಷ್ಟು ಸಿಲಿಕಾನ್ ತುಣುಕೊಂದು ಕಬ್ಬಿನ ಗದ್ದೆಗೆ ನೀರೆತ್ತುವ ಮೋಟರಿನ ಏಳು ಪಟ್ಟು ಕರೆಂಟನ್ನು ಎಳೆಯುತ್ತದೆ ಎಂಬ ಲೆಕ್ಕವನ್ನು ಮೂರು ಸಲ ಮಾಡಿದೆ, ನಂಬಲಾಗದೆ. ನೂರು ಆಂಪಿಯರ್ ಹರಿಯುವ ದಾರಿಯಲ್ಲಿ ಓಮ್‌ನ ಸಾವಿರದ ಒಂದು ಭಾಗ ತಡೆ ಇದ್ದರೂ 0.1 ವೋಲ್ಟ್ ಹೋಯಿತು. ನನ್ನ 1.296 ಬರಿಗೈಯಲ್ಲಿ ನಿಂತ ಮುಳ್ಳು, 1.232 ಓಡುವ ಮುಳ್ಳು.

ಇದರಲ್ಲಿ ಸ್ವಲ್ಪ ಭಾಗ ಬೇಕೆಂದೇ ಇಟ್ಟದ್ದು ಎಂದು ಓದಿದಾಗ ಆಶ್ಚರ್ಯವಾಯಿತು. ಹೊರೆ ಏರಿದಂತೆ ವೋಲ್ಟೇಜ್ ಇಳಿಯಲಿ ಎಂದು ಇಂಟೆಲ್ ತಾನೇ ಒಂದು ಇಳಿಜಾರನ್ನು ನಿಗದಿಪಡಿಸಿದೆ. ಅದನ್ನು ಲೋಡ್‌ಲೈನ್ ಎನ್ನುತ್ತಾರೆ. ನನ್ನ ಚಿಪ್‌ನ ತಲೆಮಾರಿಗೆ ಅದು 2.1 ಮಿಲಿಓಮ್. ಯಾಕೆ ಬೇಕು ಈ ಇಳಿಜಾರು? ಹರಿಯುವ ನೀರನ್ನು ಒಮ್ಮೆಲೇ ಗೇಟ್‌ವಾಲ್ವ್ ತಿರುಗಿಸಿ ನಿಲ್ಲಿಸಿದರೆ ಪಿವಿಸಿ ಪೈಪು ಧಡ್ ಎಂದು ಒದೆಯುವುದನ್ನು ಗದ್ದೆಯಲ್ಲಿ ಕೆಲಸ ಮಾಡಿದವರು ಬಲ್ಲರು. ಪ್ರೊಸೆಸರ್ ಕೆಲಸ ಮುಗಿಸಿ ಒಮ್ಮೆಲೇ ಕೈ ಬಿಟ್ಟಾಗಲೂ ಹಾಗೆಯೇ. ನೂರು ಆಂಪಿಯರ್ ಹರಿಯುತ್ತಿದ್ದ ದಾರಿಯಲ್ಲಿ ವೋಲ್ಟೇಜ್ ಕ್ಷಣಮಾತ್ರಕ್ಕೆ ಮೇಲಕ್ಕೆ ಒದೆಯುತ್ತದೆ. ಹೊರೆಯಲ್ಲಿದ್ದಾಗ ಮೊದಲೇ ಕೆಳಗಿದ್ದರೆ ಆ ಒದೆತ ಮಿತಿಯನ್ನು ದಾಟುವುದಿಲ್ಲ. ಈ ಒದೆತವನ್ನು ಯಾವ ತಂತ್ರಾಂಶವೂ ತೋರಿಸಲಾರದು. ಎಚ್‌ಡಬ್ಲ್ಯುಇನ್ಫೋ ಎರಡು ಸೆಕೆಂಡಿಗೊಮ್ಮೆ ಇಣುಕಿ ನೋಡುತ್ತದೆ. ಒದೆತ ಮುಗಿಯುವುದು ಸೆಕೆಂಡಿನ ಲಕ್ಷ ಭಾಗಗಳ ಲೆಕ್ಕದಲ್ಲಿ.

ಬುದ್ಧಿ ಇಷ್ಟು ಬಂದಮೇಲೂ ತಪ್ಪು ಮಾಡಿದೆ. ಇಳಿಜಾರನ್ನು ಬಿಗಿಗೊಳಿಸಲು ಬಯೋಸ್‌ನಲ್ಲಿ 'ಲೋಡ್‌ಲೈನ್ ಕ್ಯಾಲಿಬ್ರೇಷನ್' ಎಂಬ ಸಾಲಿದೆ. ಮಟ್ಟಗಳಿಗೆ ಅಂಕಿ ಕೊಟ್ಟಿರುತ್ತಾರೆ. ಏಸಸ್ ಬೋರ್ಡುಗಳಲ್ಲಿ ಅಂಕಿ ಏರಿದಷ್ಟೂ ಬಿಗಿ. ಏಸ್‌ರಾಕ್‌ನಲ್ಲಿ 1ನೇ ಮಟ್ಟವೇ ಎಲ್ಲಕ್ಕಿಂತ ಬಿಗಿ. ಗಿಗಾಬೈಟ್‌ನವರು ಅಂಕಿಯ ತಂಟೆಯೇ ಬೇಡವೆಂದು ಲೋ, ಹೈ, ಟರ್ಬೊ ಎಂದು ಹೆಸರಿಟ್ಟಿದ್ದಾರೆ. ನಾನು ಓದಿದ್ದು ಒಂದು ತಯಾರಕರ ಕೈಪಿಡಿ, ಮುಂದಿದ್ದದ್ದು ಇನ್ನೊಬ್ಬರ ಬೋರ್ಡು. ಮೊದಲ ಸಲ ಹಗುರ ಮಟ್ಟವೆಂದುಕೊಂಡು ಆರಿಸಿದ್ದು ಅತಿ ಬಿಗಿಯಾದ ಮಟ್ಟ. ವಿಂಡೋಸ್‌ನಲ್ಲಿ ಸುಮ್ಮನಿದ್ದಾಗ 1.296 ಇದ್ದ ವಿಕೋರ್, ಹೊರೆ ಹಾಕಿದೊಡನೆ ಇಳಿಯಬೇಕಾದದ್ದು 1.328ಕ್ಕೆ ಏರಿತು! ನಿಂತ ಮೋಟರಿನಲ್ಲಿ 420 ಇದ್ದ ಮುಳ್ಳು ಗುಂಡಿ ಒತ್ತಿದಾಗ 430ಕ್ಕೆ ಹೋದಂತೆ. ಉಷ್ಣಾಂಶ ಅರ್ಧ ನಿಮಿಷದಲ್ಲಿ 97 ಡಿಗ್ರಿ. ಈ ಚಿಪ್ 100 ಡಿಗ್ರಿ ಮುಟ್ಟಿದರೆ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಅದಕ್ಕೂ ಮುಂಚೆ ನಾನೇ ಗಾಬರಿಯಿಂದ ಪ್ರೋಗ್ರಾಮ್ ನಿಲ್ಲಿಸಿದೆ.

ಆಮೇಲೆ ಮಟ್ಟಗಳನ್ನು ಒಂದೊಂದಾಗಿ ಪರೀಕ್ಷಿಸಿದೆ. ಪ್ರತಿ ಸಲ ಬಯೋಸ್, ಉಳಿಸು, ವಿಂಡೋಸ್, ಹತ್ತು ನಿಮಿಷ ಸಿನಿಬೆಂಚ್, ಬರೆದುಕೋ. ಮದುವೆ ಆಲ್ಬಮ್‌ಗಳ ಲೆಕ್ಕ ಬರೆಯುವ ಉದ್ದ ಪುಸ್ತಕದ ಹಿಂದಿನ ಪುಟಗಳಲ್ಲಿ ಈ ಲೆಕ್ಕ ಬಿತ್ತು: ಹಾಕಿದ್ದು, ನಿಂತಾಗ, ಓಡುವಾಗ, ಬಿಸಿ. ನಾಲ್ಕು ಕಾಲಮ್. ಮೂರನೆಯದರ ಕೆಳಗೆ ಕೆಂಪು ಗೆರೆ ಎಳೆದಿದ್ದೆ.

ಆ ಪುಟಗಳನ್ನು ನೋಡುವಾಗ ವಿಚಿತ್ರವೊಂದು ಕಣ್ಣಿಗೆ ಬಿತ್ತು. ಬಯೋಸ್‌ನಲ್ಲಿ 5 ಮಿಲಿವೋಲ್ಟ್ ಏರಿಸಿದರೆ ವಿಕೋರ್ ಕದಲಲಿಲ್ಲ. ಇನ್ನೂ 5 ಏರಿಸಿದೆ, ಆಗಲೂ ಇಲ್ಲ. ಮತ್ತೆ 5 ಏರಿಸಿದಾಗ ಒಮ್ಮೆಲೇ 16 ಹಾರಿತು. 1.248, 1.264, 1.280, 1.296: ನನ್ನ ಪುಸ್ತಕದಲ್ಲಿ ಇವಷ್ಟೇ ಮತ್ತೆ ಮತ್ತೆ ಬಂದಿವೆ. 1.270 ಎಂಬ ಅಂಕಿ ಒಂದು ಸಲವೂ ಇಲ್ಲ. ಬೋರ್ಡು ಕೆಟ್ಟಿರಬೇಕು ಎಂದು ಒಂದು ರಾತ್ರಿ ನಿದ್ದೆಗೆಟ್ಟೆ. ಕಾರಣ ತೀರಾ ಸರಳ. ವಿಕೋರ್ ಅಳೆಯುವುದು ಬೋರ್ಡಿನ ಅಂಚಿನಲ್ಲಿರುವ ಸೂಪರ್ ಐಒ ಎಂಬ ಚಿಪ್. ಫ್ಯಾನ್‌ಗಳ ವೇಗ ನೋಡಿಕೊಳ್ಳುವುದೂ ಅದೇ. ನನ್ನ ಬೋರ್ಡಿನಲ್ಲಿ ಅದು 16 ಮಿಲಿವೋಲ್ಟ್‌ನ ಮೆಟ್ಟಿಲುಗಳಲ್ಲಿ ಮಾತ್ರ ಎಣಿಸಬಲ್ಲದು. ಪಾವಿನಲ್ಲಿ ಅಳೆಯುವವನನ್ನು ಚಟಾಕಿನ ಲೆಕ್ಕ ಕೇಳಿದರೆ ಎಲ್ಲಿಂದ ಕೊಟ್ಟಾನು? ಬಯೋಸ್ ಪುಟದ 1.312 ಮತ್ತು ವಿಂಡೋಸ್‌ನ 1.296ರ ನಡುವಿನ ವ್ಯತ್ಯಾಸವೂ ಒಂದೇ ಒಂದು ಮೆಟ್ಟಿಲು. ಅದಕ್ಕಾಗಿ ನಾನು ಹಾಳು ಮಾಡಿಕೊಂಡ ಹಾಳೆಗಳನ್ನು ಎಣಿಸುವುದು ಬೇಡ. ಇದೇ ಸೂಪರ್ ಐಒ 'ಆಕ್ಸ್‌ಟಿನ್' ಎಂಬ ಸಾಲಿನಲ್ಲಿ 110 ಡಿಗ್ರಿ ತೋರಿಸಿ ಹೆದರಿಸಿತ್ತು. ಚಿಪ್‌ನ ಆ ಪಿನ್ನಿಗೆ ಯಾವ ಸಂವೇದಕವನ್ನೂ ಜೋಡಿಸಿಯೇ ಇರಲಿಲ್ಲ. ಗಾಳಿಯಲ್ಲಿ ತೇಲುವ ತಂತಿ ಬಾಯಿಗೆ ಬಂದದ್ದನ್ನು ಹೇಳುತ್ತದೆ.

ಅಳೆಯುವ ಚಿಪ್ ಅಂಚಿನಲ್ಲಿದೆ, ಪ್ರೊಸೆಸರ್ ನಡುವಿನಲ್ಲಿದೆ ಎಂದಾಗ ಇನ್ನೊಂದು ಅನುಮಾನ ಹುಟ್ಟಿತು. ಕನ್ನಂಬಾಡಿ ಕಟ್ಟೆ ಪೂರ್ತಿ ತುಂಬಿ 124.80 ಅಡಿ ಮುಟ್ಟಿತು ಎಂದು ಪತ್ರಿಕೆಯಲ್ಲಿ ಓದಿದ ದಿನವೇ ನಮ್ಮೂರ ತೂಬಿನಲ್ಲಿ ಕಪ್ಪೆ ಒಣಗಿದ್ದನ್ನು ಕಂಡವನು ನಾನು. ಕಟ್ಟೆಯ ಅಳತೆಗೋಲು ಸುಳ್ಳು ಹೇಳುವುದಿಲ್ಲ, ಅದು ಕಟ್ಟೆಯ ಮಟ್ಟವನ್ನು ಹೇಳುತ್ತದೆ. ಹಾಗಿದ್ದರೆ ನನ್ನ 1.264 ಯಾವ ಜಾಗದ ಮಟ್ಟ?

ಗುತ್ತಲು ರಸ್ತೆಯಲ್ಲಿ ಟಿ.ವಿ. ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ. ಆ ಕಾಲದ ದೊಡ್ಡ ಡಬ್ಬಿ ಟಿ.ವಿ.ಗಳ ಕೈ. ಸಂಜೆ ಅಂಗಡಿ ಮುಚ್ಚಿ ಮಲ್ಟಿಮೀಟರ್ ಹಿಡಿದು ಮಹಡಿ ಹತ್ತಿ ಬಂದರು. ಕೆಲವು ದುಬಾರಿ ಬೋರ್ಡುಗಳಲ್ಲಿ ಅಳೆಯಲೆಂದೇ ಬಿಂದುಗಳನ್ನು ಬಿಟ್ಟಿರುತ್ತಾರೆ. ನನ್ನದರಲ್ಲಿ ಇಲ್ಲ. ಪೆಟ್ಟಿಗೆಯ ಹಿಂಬದಿಯ ತಗಡನ್ನು ಬಿಚ್ಚಿದಾಗ ಸಾಕೆಟ್ಟಿನ ಬೆನ್ನಿನಲ್ಲಿ ಸಾಸಿವೆ ಕಾಳಿನಂಥ ಕೆಪಾಸಿಟರ್‌ಗಳ ಸಾಲು ಕಂಡಿತು. ಅವರು ಮೊದಲು ಮಾಡಿದ್ದು ಮೀಟರಿನ ಕಡ್ಡಿಗಳಿಗೆ ಹಳೆ ವೈರಿನ ತೊಗಟೆ ತೊಡಿಸಿದ್ದು. ತುದಿಯಲ್ಲಿ ಒಂದು ಮಿಲಿಮೀಟರ್ ಲೋಹ ಮಾತ್ರ ಹೊರಗೆ. "ಇಲ್ಲಿ ಕೈ ಜಾರಿದರೆ ನಿನಗೆ ಶಾಕ್ ಹೊಡೆಯುವುದಿಲ್ಲ, ಅದಕ್ಕೆ ಹೊಡೆಯುತ್ತದೆ" ಎಂದು ಪ್ರೊಸೆಸರ್ ಕಡೆ ಗಲ್ಲ ತೋರಿಸಿದರು. ಬೋರ್ಡಿನ ಗ್ರೌಂಡ್‌ಗೆ ಒಂದು ಕಡ್ಡಿ, ಕೆಪಾಸಿಟರಿನ ತಲೆಗೆ ಒಂದು. ಕಂಪ್ಯೂಟರ್ ಸುಮ್ಮನಿದ್ದಾಗ ಮೀಟರ್ 1.29 ತೋರಿಸಿತು. ಪರದೆಯಲ್ಲಿ 1.296. ಸರಿಯಾಯಿತು. ನಾನು ಸಿನಿಬೆಂಚ್ ಒತ್ತಿದೆ. ಪರದೆಯ ಅಂಕಿ 1.264ಕ್ಕೆ ಇಳಿದು ನಿಂತಿತು. ಮೀಟರ್ ಇನ್ನೂ ಕೆಳಗಿಳಿದು 1.23ರಲ್ಲಿ ನಡುಗಿತು. ಅವರ ಕೈ ಮಾತ್ರ ನಡುಗಲಿಲ್ಲ, ಉಸಿರು ಹಿಡಿದಿದ್ದರು. ನಾನೂ ಹಿಡಿದಿದ್ದೆ.

ಅಂದರೆ ಸಾಕೆಟ್ಟಿನ ಬೆನ್ನಿಗೆ ಬರುವಷ್ಟರಲ್ಲೇ ಇನ್ನೂ ಮೂವತ್ತು ಮಿಲಿವೋಲ್ಟ್ ದಾರಿಯಲ್ಲಿ ಸೋರಿತ್ತು. ಅಲ್ಲಿಂದ ಪಿನ್ನುಗಳನ್ನು ದಾಟಿ ಸಿಲಿಕಾನ್‌ನೊಳಗೆ ಹೋಗುವಾಗ ಮತ್ತಷ್ಟು ಹೋಗುತ್ತದೆ. ಬೇರೆಯವರು ತಮ್ಮ ಬೋರ್ಡಿನಲ್ಲಿ 1.25ಕ್ಕೆ ಸ್ಥಿರವಾಗಿ ಓಡಿತು ಎಂದು ಹೇಳುವುದನ್ನು ನನ್ನ ಬೋರ್ಡಿನ 1.25ಕ್ಕೆ ಹೋಲಿಸಿ ಕೊರಗಬೇಕಾದದ್ದಿಲ್ಲ ಎಂಬ ಸಮಾಧಾನ ಆವತ್ತು ಸಿಕ್ಕಿತು. ಅವರ ಅಳತೆಗೋಲು ಯಾವ ತೂಬಿನಲ್ಲಿ ನೆಟ್ಟಿದೆಯೋ. ಹಿರಿಯರು ಕಾಫಿಗಿಂತ ಹೆಚ್ಚಿನದೇನನ್ನೂ ಮುಟ್ಟಲಿಲ್ಲ. ಕಡ್ಡಿಯ ಈ ಕೆಲಸವನ್ನು ಒಬ್ಬನೇ ಮಾಡಬೇಡ ಎಂದು ಮೆಟ್ಟಿಲಿಳಿಯುವಾಗ ಎರಡು ಸಲ ಹೇಳಿದರು. ಮಾಡಿಲ್ಲ.

ಇನ್ನು ಕೆಲಸದ ಮಾತು. ಬಯೋಸ್‌ನಲ್ಲಿ 1.290, ಲೋಡ್‌ಲೈನ್ ನಡುವಿನ ಮಟ್ಟ, ಓಡುವಾಗ 1.248. ಸಿನಿಬೆಂಚ್ ಹತ್ತು ಸುತ್ತು ಮುಗಿಸಿತು. ಪ್ರೈಮ್ 95 ಹಾಕಿದೆ. ಅದು ಹುಟ್ಟಿದ್ದು ಮರ್ಸೆನ್ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುವುದಕ್ಕೆ. ಪ್ರೊಸೆಸರನ್ನು ಹಿಂಡುವುದರಲ್ಲಿ ಅದಕ್ಕೆ ಸರಿಸಾಟಿ ಕಡಿಮೆಯೆಂದು ಜನ ಪರೀಕ್ಷೆಗೆ ಬಳಸುತ್ತಾರೆ. ಹನ್ನೊಂದು ನಿಮಿಷಕ್ಕೆ ನೀಲಿ ಪರದೆ, 'ಕ್ಲಾಕ್ ವಾಚ್‌ಡಾಗ್ ಟೈಮ್‌ಔಟ್'. ವೋಲ್ಟೇಜ್ ಸಾಲದಿದ್ದಾಗ ಕಾಣುವ ಮುಖಗಳಲ್ಲಿ ಅದೂ ಒಂದು ಎಂದು ಆ ಹೊತ್ತಿಗೆ ಕಲಿತಿದ್ದೆ. ಪುಸ್ತಕ ತೆರೆದು ನೋಡಿದರೆ ಪ್ರೈಮ್ 95 ಓಡುವಾಗ ವಿಕೋರ್ 1.232ಕ್ಕೆ ಇಳಿದಿತ್ತು, ಸಿನಿಬೆಂಚ್‌ಗಿಂತ ಒಂದು ಮೆಟ್ಟಿಲು ಕೆಳಗೆ. ಹೊರೆ ಹೆಚ್ಚಾದರೆ ಮುಳ್ಳು ಇನ್ನೂ ಬೀಳುತ್ತದೆ, ಗೊತ್ತಿದ್ದೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಹದಿನೈದು ಮಿಲಿವೋಲ್ಟ್ ಏರಿಸಿ 1.305 ಮಾಡಿದೆ. ಈಗ ಸಿನಿಬೆಂಚ್‌ನಲ್ಲಿ 1.264, ಪ್ರೈಮ್‌ನಲ್ಲಿ 1.248. ಎರಡು ಗಂಟೆ ಓಡಿತು. ಬಿಸಿ 84 ಡಿಗ್ರಿ.

ಅಲ್ಲಿಗೆ ನಿಲ್ಲಿಸಬಹುದಿತ್ತು. 48 ಕೂಡ ನೋಡೋಣ ಎನಿಸಿತು. 4.8 ಗಿಗಾಹರ್ಟ್ಸ್ ತನ್ನ ಕಾಲ ಮೇಲೆ ನಿಲ್ಲಲು ಓಡುವಾಗಲೇ 1.344 ಕೇಳಿತು, ಬಿಸಿ 95 ಮುಟ್ಟಿತು. ಪ್ರೊಸೆಸರ್ ತಿನ್ನುವ ವಿದ್ಯುತ್ತು ವೇಗಕ್ಕೆ ನೇರವಾಗಿಯೂ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿಯೂ ಏರುತ್ತದೆ. 1.344ನ್ನು 1.264ರಿಂದ ಭಾಗಿಸಿ, ವರ್ಗ ಮಾಡಿ, ವೇಗದ ಅನುಪಾತದಿಂದ ಗುಣಿಸಿದೆ. ಶೇ 2ರಷ್ಟು ವೇಗಕ್ಕೆ ಶೇ 15ರಷ್ಟು ಹೆಚ್ಚು ವಿದ್ಯುತ್ತು. ಈ ವ್ಯಾಪಾರವನ್ನು ಯಾವ ಕಬ್ಬಿನ ದಲ್ಲಾಳಿಯೂ ಮಾಡುವುದಿಲ್ಲ. 47ಕ್ಕೆ ಹಿಂದಿರುಗಿದೆ. ಎಡಿಟ್ ಮಾಡಿದ್ದನ್ನು ಪೂರ್ತಿ ವಿಡಿಯೊ ಮಾಡಿ ಕೊಡುವ ರೆಂಡರ್, ಮೊದಲು ಒಂದು ಗಂಟೆ ಹಿಡಿಯುತ್ತಿದ್ದದ್ದು, ಈಗ 53 ನಿಮಿಷಕ್ಕೆ ಮುಗಿಯುತ್ತದೆ.

ಕಲಿತದ್ದನ್ನು ಇನ್ನೊಬ್ಬರಿಗೆ ಹೇಳುವ ಚಪಲಕ್ಕೆ ಅವಕಾಶವೂ ಬೇಗನೆ ಸಿಕ್ಕಿತು. ಮೈಸೂರಿನ ಕುವೆಂಪುನಗರದಲ್ಲಿರುವ ಚಿಕ್ಕಪ್ಪನ ಮಗ ಎಂಜಿನಿಯರಿಂಗ್ ಓದುತ್ತಿದ್ದಾನೆ. ಅವನದು ಎಎಂಡಿಯ ರೈಜೆನ್ 5 3600. ಫೋನಿನಲ್ಲಿ ಒಂದೇ ಗೋಳು: "ಏನೂ ಕೆಲಸ ಕೊಟ್ಟಿಲ್ಲ, 1.45 ವೋಲ್ಟ್ ತೋರಿಸುತ್ತಿದೆ. ಚಿಪ್ ಸುಟ್ಟುಹೋಗುತ್ತದೆ." ಆಷಾಢ ಶುಕ್ರವಾರ ಬೆಟ್ಟಕ್ಕೆ ಹೋಗುವ ಜನರಿಂದ ತುಂಬಿದ ರೈಲಿನಲ್ಲಿ ನಿಂತುಕೊಂಡೇ ಮೈಸೂರಿಗೆ ಹೋದೆ. ಅಪ್ಪನ ಮಾತು ಜೇಬಿನಲ್ಲಿತ್ತು. ಸಿನಿಬೆಂಚ್ ಓಡಿಸು ಎಂದೆ. 1.45 ಇದ್ದದ್ದು ತಾನಾಗಿಯೇ 1.3ರ ಹತ್ತಿರಕ್ಕೆ ಇಳಿಯಿತು. ಅವನಿಗೆ ನಿರಾಳ. ನನಗೆ ಮಾತ್ರ ಇಲ್ಲ, ಏಕೆಂದರೆ ಇದು ತಂತಿಯ ಸೋರಿಕೆಯಾಗಿರಲು ಸಾಧ್ಯವೇ ಇರಲಿಲ್ಲ, ಅಷ್ಟು ದೊಡ್ಡ ಇಳಿತ. ಆ ರಾತ್ರಿ ಇಬ್ಬರೂ ಕುಳಿತು ಓದಿದೆವು. ರೈಜೆನ್ 3000 ಸರಣಿ ಬಂದಾಗ ಇದೇ ಗಾಬರಿ ಎಲ್ಲೆಡೆ ಎದ್ದು, 2019ರ ಜುಲೈನಲ್ಲೇ ಎಎಂಡಿ ವಿವರಣೆ ಕೊಟ್ಟಿತ್ತು. ಹೊರೆ ಹಗುರವಿದ್ದಾಗ ಒಂದೆರಡು ಕೋರ್‌ಗಳನ್ನು ಪೂರ್ತಿ ವೇಗಕ್ಕೆ ಎಬ್ಬಿಸಲು ಚಿಪ್ ಹೆಚ್ಚು ವೋಲ್ಟೇಜ್ ಕೇಳುತ್ತದೆ. ಆಗ ಹರಿಯುವ ಕರೆಂಟು ಕಡಿಮೆ, ಅಪಾಯವಿಲ್ಲ. ಎಲ್ಲ ಕೋರ್‌ಗಳೂ ದುಡಿಯುವಾಗ ತಾನೇ ತಗ್ಗಿಸಿಕೊಳ್ಳುತ್ತದೆ. ತಮಾಷೆಯೆಂದರೆ ಅಳೆಯುವ ತಂತ್ರಾಂಶಗಳೇ ಮತ್ತೆ ಮತ್ತೆ ಇಣುಕಿ ಮಲಗಿದ್ದ ಕೋರ್‌ಗಳನ್ನು ಎಬ್ಬಿಸುತ್ತವೆ. ಮಗು ಮಲಗಿದೆಯೇ ಎಂದು ಅಲುಗಾಡಿಸಿ ನೋಡುವ ಅಜ್ಜಿಯ ಹಾಗೆ.

ಅವನು ಮಾಡಲು ಹೊರಟಿದ್ದ ತಪ್ಪು ಇಷ್ಟರಲ್ಲಿ ಹೊರಬಿತ್ತು. ಕಂಪನಿಯೇ 1.45 ಕೊಡುತ್ತದೆ, ಅಂದಮೇಲೆ 1.4 ಸ್ಥಿರ ಹಾಕಿ ಎಲ್ಲ ಕೋರ್‌ಗಳನ್ನೂ ಏರಿಸಿದರೇನು ಎಂಬುದು ಅವನ ಲೆಕ್ಕ. ಸ್ಥಿರ ಅಂಕಿ ಹಾಕಿದರೆ ತಾನಾಗಿ ತಗ್ಗುವ ಆ ಗುಣವೇ ಹೋಗುತ್ತದೆ; ಹಗುರ ಹೊರೆಗೆಂದು ಇದ್ದ ವೋಲ್ಟೇಜು ಆರೂ ಕೋರ್‌ಗಳ ಪೂರ್ತಿ ಕರೆಂಟಿನ ಜತೆ ಹರಿಯುತ್ತದೆ. ಅವನ ಗೆಳೆಯನ ಹಳೆಯ ಐ5-4690ಕೆಯಲ್ಲಿ ಇನ್ನೂ ಬೇರೆ ಕಥೆ. ಅಲ್ಲಿ ಒಂದು ಸಾಲು 1.8 ವೋಲ್ಟ್ ತೋರಿಸುತ್ತಿತ್ತು. ಆ ತಲೆಮಾರಿನಲ್ಲಿ ಇಂಟೆಲ್ ವೋಲ್ಟೇಜ್ ಇಳಿಸುವ ಮಂಡಲವನ್ನು ಪ್ರೊಸೆಸರಿನೊಳಗೇ ಇಟ್ಟಿತ್ತು. 1.8 ಎಂಬುದು ಒಳಹೋಗುವ ವೋಲ್ಟೇಜ್, ಕೋರ್‌ನದಲ್ಲ.

ಶ್ರಾವಣ ಬಂತು. ಮೊದಲ ಮುಹೂರ್ತದ ವಿಡಿಯೊ ರೆಂಡರ್ ಆಗುತ್ತಿದ್ದಾಗ ಮಾಂಗಲ್ಯಧಾರಣೆಯ ಹೊತ್ತಿಗೆ ಸರಿಯಾಗಿ ಪ್ರೋಗ್ರಾಮ್ ಮುಚ್ಚಿಕೊಂಡಿತು. ನೀಲಿ ಪರದೆ ಇಲ್ಲ, ಏನೂ ಇಲ್ಲ. ವಿಂಡೋಸ್‌ನ ದಾಖಲೆ ಪುಸ್ತಕ ತೆರೆದರೆ ಹಾರ್ಡ್‌ವೇರ್ ದೋಷ ತಿದ್ದಿದ್ದೇನೆ ಎಂಬ ಹಳದಿ ಗುರುತಿನ ಸಾಲು ಮೂರು ಸಲ. ಎರಡು ಗಂಟೆ ಪ್ರೈಮ್ 95 ಓಡಿದ್ದಕ್ಕೆ ಬೀಗಿದ್ದೆ. ಹೊರೆ ಏರುತ್ತ ಇಳಿಯುತ್ತ ಆರು ಗಂಟೆ ನಡೆಯುವ ನಿಜವಾದ ಕೆಲಸ ಬೇರೆ. ಹತ್ತು ಮಿಲಿವೋಲ್ಟ್ ಸೇರಿಸಿದೆ. ಹಳದಿ ಸಾಲುಗಳು ಮತ್ತೆ ಬಂದಿಲ್ಲ. ವಧುವಿನ ತಂದೆಗೆ ಈ ಸಂಗತಿ ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

ಅದೇ ರಾತ್ರಿ ದೋಷ ಹುಡುಕುವಾಗ ಎಚ್‌ಡಬ್ಲ್ಯುಇನ್ಫೋದ ಪಟ್ಟಿಯಲ್ಲಿ ವಿಕೋರ್‌ಗಿಂತ ನಾಲ್ಕು ಸಾಲು ಕೆಳಗೆ ಕಣ್ಣು ಹೋಯಿತು. 'ವಿಸಿಸಿಎಸ್‌ಎ': 1.328. ಮೆಮೊರಿಯ ನಿಯಂತ್ರಕ ಇರುವ ಭಾಗಕ್ಕೆ ಹೋಗುವ ವೋಲ್ಟೇಜ್ ಅದು, ಈ ಚಿಪ್‌ನಲ್ಲಿ ಸಹಜವಾಗಿ 1.05 ಇರಬೇಕಾದದ್ದು. ರ‍್ಯಾಮ್ ಅನ್ನು ಅದರ ಪೂರ್ತಿ ವೇಗಕ್ಕೆ ಹಾಕುವ ಎಕ್ಸ್ಎಂಪಿ ಗುಂಡಿ ಒತ್ತಿದ ದಿನವೇ ಬೋರ್ಡಿನ 'ಆಟೊ' ಅಲ್ಲಿಯೂ ಧಾರಾಳವಾಗಿ ಬಡಿಸಿತ್ತು. ಮೂರು ವಾರ ನಾನು ಹದಿನಾರು ಮಿಲಿವೋಲ್ಟ್‌ಗಾಗಿ ನಿದ್ದೆಗೆಟ್ಟು ಕೂತಿದ್ದಾಗ ಪಕ್ಕದ ಸಾಲಿನಲ್ಲಿ ಮುನ್ನೂರರ ಹತ್ತಿರ ಹೆಚ್ಚುವರಿ ಹರಿಯುತ್ತಿತ್ತು. ಬಯೋಸ್‌ಗೆ ಹೋಗಿ 1.150 ಎಂದು ತುಂಬಿದೆ. ಆಲ್ಬಮ್ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಐದನೆಯ ಕಾಲಮ್ ಎಳೆಯುವ ಹೊತ್ತಿಗೆ ಕೆಳಗೆ ಹಾಲಿನ ಗಾಡಿ ಬಂದಿತ್ತು.